ಗುಡ್ ಫ್ರೈಡೆಗೆ ಯೇಸುವಿನ ಪಾಡಿನ ನಾಟಕ ಬೇಕಾ? ಪರ – ವಿರೋಧ

ಪರ: ದೇವರೇ ಮೈ ಪಡೆದು ಬಂದ ಮೇಲೆ ವೇಷಕ್ಕೆ ಯಾಕೆ ಹೆದರಿಕೆ?

ಬಳ್ಳಾರಿಯಲ್ಲಿ ಕೂತು, ಯೇಸು ಪಟ್ಟ ಪಾಡು ಮತ್ತು ಶಿಲುಬೆ ಸಾವಿನ ನಾಟಕ ಬೇಡ ಅನ್ನುವವರನ್ನು ಕಂಡರೆ ನನಗೆ ಆಶ್ಚರ್ಯ. ಇದು ನಟ ಬಳ್ಳಾರಿ ರಾಘವರ ಊರು. ವಕೀಲಿಕೆ ಮಾಡುತ್ತಲೇ ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬಣ್ಣ ಹಚ್ಚಿದವರು ಅವರು. ಸುತ್ತಲಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದರೆ ಬಯಲಾಟ. ಕಿರೀಟಕ್ಕೆ ಕೈಮುಗಿದೇ ತಲೆಗೆ ಇಟ್ಟುಕೊಳ್ಳುವ ಜನ ನಮ್ಮವರು. ಅಂಥ ಕಡೆ ಚರ್ಚಿನ ಅಂಗಳದಲ್ಲಿ ಮಾತ್ರ ವೇಷ ಕಟ್ಟಬಾರದು ಅಂದರೆ ಹೇಗೆ?

ನನ್ನ ಮೊದಲ ಕಾರಣ ನಂಬಿಕೆಯದು. ನಮ್ಮ ದೇವರು ಮೇಲೆ ಕೂತು ಬರೀ ಮಾತು ಕಳಿಸಲಿಲ್ಲ. ಮೈ ಪಡೆದು ಬಂದ. ಹಸಿದ, ನಡೆದು ದಣಿದ, ಗೆಳೆಯ ಲಾಜರನ ಸಮಾಧಿ ಹತ್ತಿರ ಅತ್ತ. ಅಂಥವನ ಕಥೆಯನ್ನು ಮೈಯಿಂದಲೇ ಹೇಳಬೇಕು. ಕಣ್ಣು, ಕೈ, ಕಾಲು, ದನಿ ಎಲ್ಲಾ ಸೇರಿ ಹೇಳಬೇಕು. ಓದಿ ಮುಗಿಸುವ ಕಥೆ ಅಲ್ಲ ಅದು.

ಚರ್ಚು ಮೊದಲಿನಿಂದಲೂ ನಾಟಕದ ವೈರಿ ಅಂತ ಕೆಲವರು ಹೇಳುತ್ತಾರೆ. ಅದು ಅರ್ಧ ಕಥೆ. 10ನೇ ಶತಮಾನದಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್ ಬಿಷಪ್ ಎಥೆಲ್‌ವೋಲ್ಡ್ ಮಠಗಳಿಗಾಗಿ ಬರೆಸಿದ ನಿಯಮಗಳನ್ನೇ ನೋಡಿ. ಈಸ್ಟರ್ ಬೆಳಗಿನ ಪ್ರಾರ್ಥನೆಯಲ್ಲಿ ಒಬ್ಬ ಸನ್ಯಾಸಿ ದೇವದೂತನಾಗಿ ಬಿಳಿ ನಿಲುವಂಗಿ ತೊಟ್ಟು, ಕೈಯಲ್ಲಿ ತಾಳೆ ಗರಿ ಹಿಡಿದು, ಯೇಸುವಿನ ಸಮಾಧಿ ಅಂತ ಮಾಡಿದ ಜಾಗದ ಹತ್ತಿರ ಸುಮ್ಮನೆ ಕೂರಬೇಕು. ಸಮಾಧಿಗೆ ಬಂದ ಹೆಂಗಸರಾಗಿ ಮೂವರು ಧೂಪ ಹಿಡಿದು, ಏನೋ ಹುಡುಕುವವರ ಹಾಗೆ ನಿಧಾನವಾಗಿ ಬರಬೇಕು. ಯಾರನ್ನು ಹುಡುಕುತ್ತಿದ್ದೀರಿ ಅಂತ ಅವನು ಕೇಳಬೇಕು. ಇದು ನಾಟಕ ಅಲ್ವಾ? ಬಲಿಪೀಠದ ಪಕ್ಕದಲ್ಲೇ ಹುಟ್ಟಿದ ನಾಟಕ!

ಜರ್ಮನಿಯ ಓಬರಾಮರ್ಗಾವ್ ಹಳ್ಳಿಯವರು 1633ರಲ್ಲಿ ಪ್ಲೇಗಿಗೆ ಹೆದರಿ ಹರಕೆ ಹೊತ್ತರು. 1634ರಲ್ಲಿ ಮೊದಲ ಸಲ ಯೇಸುವಿನ ಪಾಡನ್ನು ಆಡಿದರು. ಈಗಲೂ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಆಡುತ್ತಾರೆ. ಪಾತ್ರ ಸಿಗಬೇಕಾದರೆ ಅಲ್ಲೇ ಹುಟ್ಟಿರಬೇಕು, ಇಲ್ಲವೇ 20 ವರ್ಷ ಅಲ್ಲಿ ಬಾಳಿರಬೇಕು. ಒಂದು ವರ್ಷಕ್ಕೂ ಮೊದಲೇ ಗಡ್ಡ, ಕೂದಲು ಬಿಡಲು ಶುರು ಮಾಡುತ್ತಾರೆ. ಅಷ್ಟು ದಿನ ಒಂದು ಕಥೆಯನ್ನು ಮೈಮೇಲೆ ಹೊತ್ತ ಊರು ಅದು. ಪೋಪ್ ಎರಡನೇ ಜಾನ್ ಪಾಲ್ ಕೂಡ ಹುಡುಗನಾಗಿದ್ದಾಗ ನಟ. 1941ರಲ್ಲಿ ನಾಜಿಗಳ ಕೈಯಲ್ಲಿದ್ದ ಕ್ರಾಕೋವ್‌ನಲ್ಲಿ ಗುಟ್ಟಾಗಿ ನಾಟಕ ಆಡುತ್ತಿದ್ದ ತಂಡದಲ್ಲಿದ್ದರು. ಸಿಕ್ಕಿಬಿದ್ದಿದ್ದರೆ ಪ್ರಾಣಕ್ಕೇ ಕುತ್ತು.

ಇನ್ನು ನೀತಿಯ ಮಾತು. ನಾನು ಯೇಸುವಿನ ಶಿಷ್ಯ ಪೇತ್ರನ ಪಾತ್ರ ಮಾಡಿದ್ದೇನೆ. ಬೆಂಕಿ ಕಾಯಿಸುತ್ತಾ ಕೂತು, ಆ ಮನುಷ್ಯ ನನಗೆ ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಬೇಕು. ತಾಲೀಮಿನಲ್ಲಿ ಸಲೀಸಾಗಿ ಬರುತ್ತಿತ್ತು. ಆಟದ ದಿನ ಎದುರಿಗೆ ನಮ್ಮ ಬೀದಿಯವರೇ. ಮೂರನೇ ಸಲ ಹೇಳುವಾಗ ಬಾಯಿ ಒಣಗಿತು. ಮುಂದಿನ ಸಾಲಿನಿಂದ ನಮ್ಮ ಅಜ್ಜಿ 'ಸುಳ್ಳು ಹೇಳ್ತಾನ ನೋಡ್ರಿ' ಅಂತ ಕೂಗಿದರು. ಅಕ್ಷರ ಬಾರದ ಅಜ್ಜಿ. ಕನ್ನಡ ಬೈಬಲ್ಲಿಗಾಗಿ ದುಡಿದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದಿಳಿದದ್ದು ನಮ್ಮ ಬಳ್ಳಾರಿಗೇ. ಆದರೂ ಆ ಪುಸ್ತಕವನ್ನು ನಮ್ಮ ಅಜ್ಜಿ ಒಂದು ಸಾಲೂ ಓದಲಿಲ್ಲ. ಅವರಿಗೆ ಪೇತ್ರ ಗೊತ್ತಾದದ್ದು ನಾಟಕದಿಂದ. ಸುಳ್ಳಾಡುವಾಗ ಎದೆ ಹೇಗೆ ಹೊಡೆದುಕೊಳ್ಳುತ್ತೆ ಅಂತ ನನಗೆ ಗೊತ್ತಾದದ್ದೂ ಅಲ್ಲೇ. ಪಾದ್ರಿಗಳ ಯಾವ ಪ್ರಸಂಗವೂ ನನಗೆ ಅದನ್ನು ಕಲಿಸಿರಲಿಲ್ಲ.

ಬೇಡ ಅನ್ನುವವರು ಮೇಕಪ್ಪು, ಲೈಟು, ಸಿನಿಮಾ ಧಾಟಿ ಅಂತ ಗೊಣಗುತ್ತಾರೆ. ಧಾಟಿ ಬದಲಿಸೋಣ, ಲೈಟು ಕಡಿಮೆ ಮಾಡೋಣ. ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರಕ್ಕೇ ತಾಲೀಮು ಶುರು ಮಾಡಿದರೆ ನಲವತ್ತು ದಿನ ಸಿಗುತ್ತೆ. ಹುಡುಗರು ಮೊಬೈಲು ಕೆಳಗಿಟ್ಟು ಸುವಾರ್ತೆಯ ಮಾತು ಬಾಯಿಪಾಠ ಮಾಡುತ್ತಾರೆ.

ವಿರೋಧ: ಯಾರ ಮೈ?

ವಿರೋಧದ ಬದಿ ನನಗೆ ಬಂತು, ಬರೆಯುತ್ತಿದ್ದೇನೆ. ನಾಟಕವೇ ಪಾಪ ಅಂತ ನಾನು ಹೇಳುವುದಿಲ್ಲ. ಆದರೆ ಹಾಗೆ ಹೇಳಿದವರು ಸಣ್ಣವರಲ್ಲ. ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಸುಮಾರು 200ನೇ ಇಸವಿಯ ಹೊತ್ತಿಗೇ ನಾಟಕ, ರಥದ ಓಟ, ಅಖಾಡದ ಕಾಳಗಗಳ ವಿರುದ್ಧ ಒಂದು ಪುಸ್ತಕವನ್ನೇ ಬರೆದರು. 314ರಲ್ಲಿ ಈಗಿನ ಫ್ರಾನ್ಸಿನ ಆರ್ಲ್‌ನಲ್ಲಿ ಸೇರಿದ ಬಿಷಪ್ಪರ ಸಭೆ, ನಟರು ಆ ಕಸುಬು ಬಿಡುವವರೆಗೆ ಅವರಿಗೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಇಲ್ಲ ಅಂದಿತು.

ಸಂತ ಅಗಸ್ಟೀನರ ಮಾತು ಇವಕ್ಕಿಂತ ಗಟ್ಟಿ. ಹರೆಯದಲ್ಲಿ ಅವರಿಗೆ ನಾಟಕದ ಹುಚ್ಚಿತ್ತು. ಅಲ್ಲಿ ಕೂತು ಅಳುತ್ತಿದ್ದರು. ಆಮೇಲೆ ತಮ್ಮನ್ನೇ ಕೇಳಿಕೊಂಡರು: ನೋಡುವವನನ್ನು ಸಹಾಯಕ್ಕೆ ಕರೆಯುವುದಿಲ್ಲ, ಬರೀ ದುಃಖಪಡಲು ಕರೆಯುತ್ತಾರೆ, ಇದೆಂಥ ಕರುಣೆ? ನಮ್ಮಲ್ಲೂ ಹಾಗೇ. ಚಾಟಿ ಏಟಿನ ದೃಶ್ಯಕ್ಕೆ ಎಲ್ಲರೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತೇವೆ. ಗೇಟಿನ ಹತ್ತಿರ ಕೈ ಚಾಚಿದವರನ್ನು ದಾಟಿ ಮನೆಗೆ ಹೋಗುತ್ತೇವೆ.

ಇಷ್ಟು ಬರೆದು ನಿಲ್ಲಿಸಬೇಕು ಅಂತಿದ್ದೆ. ಆದರೆ ನನ್ನ ತಮ್ಮನ ವಿಷಯ ಹೇಳದೆ ಇರಲಾರೆ.

ನಾವು ಬೆಳೆದ ಚರ್ಚಿನಲ್ಲಿ ಪ್ರತಿ ವರ್ಷ ಈ ನಾಟಕ ಇರುತ್ತಿತ್ತು. ತಮ್ಮನಿಗೆ ಯೇಸುವಿನ ಮಾತು ಪೂರ್ತಿ ಬಾಯಿಪಾಠ. ರಾತ್ರಿ ಮಾಳಿಗೆ ಮೇಲೆ ಒಬ್ಬನೇ ನಿಂತು ಹೇಳುತ್ತಿದ್ದ. ಪಾತ್ರ ಹಂಚುವ ದಿನ ಹಿರಿಯರೊಬ್ಬರು 'ನಿನ್ನ ಬಣ್ಣಕ್ಕ ಯೇಸು ಒಪ್ಪಂಗಿಲ್ಲಪ್ಪ' ಅಂದರು. ಕೆಂಪಗಿದ್ದ ಒಬ್ಬ ಹುಡುಗನಿಗೆ ಪಾತ್ರ ಹೋಯಿತು. ಅವನು ಒಳ್ಳೆಯ ಹುಡುಗನೇ, ಆದರೆ ಮಾತು ನೆನಪಿರುತ್ತಿರಲಿಲ್ಲ. ತಮ್ಮ ಸಿಪಾಯಿ ವೇಷದಲ್ಲಿ, ಕೈಯಲ್ಲಿ ಚಾಟಿ ಹಿಡಿದೇ, ಪರದೆ ಹಿಂದೆ ನಿಂತು ಯೇಸುವಿನ ಮಾತು ಎತ್ತಿಕೊಟ್ಟ. ಆಮೇಲೆ ಹೊರಗೆ ಬಂದು ಹೊಡೆದ. ಜನ ಚಪ್ಪಾಳೆ ತಟ್ಟಿದರು. ಮರುವರ್ಷ ಅವನು ತಾಲೀಮಿಗೆ ಹೋಗಲಿಲ್ಲ. ಪೂಜೆಗೆ ಹೋದರೂ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಈಗಲೂ ಅಲ್ಲೇ ಕೂರುತ್ತಾನೆ.

ದೇವರು ಮೈ ಪಡೆದ ಅಂತ ನಾವೆಲ್ಲಾ ಬಾಯಿ ತುಂಬಾ ಹೇಳುತ್ತೇವೆ. ಯಾರ ಮೈ? ಗಲಿಲಾಯದ ಬಿಸಿಲಲ್ಲಿ ದುಡಿದ ಬಡಗಿಯ ಮೈ. ಆ ಮೈಗೆ ಹತ್ತಿರ ಇದ್ದದ್ದು ಕ್ಯಾಲೆಂಡರಿನ ನೀಲಿ ಕಣ್ಣಿನ ಚಿತ್ರವಾ, ಬಳ್ಳಾರಿ ಬಿಸಿಲಲ್ಲಿ ಬೆಳೆದ ನನ್ನ ತಮ್ಮನಾ? ಕಪ್ಪಗಿರುವವರೇ ಯಾವಾಗಲೂ ಹೊಡೆಯುವವರು, ಕೆಂಪಗಿರುವವನೇ ಯಾವಾಗಲೂ ದೇವರು. ಹೀಗೆ ವರ್ಷ ವರ್ಷ ಆಡಿ ತೋರಿಸಿದರೆ ಮಕ್ಕಳು ಕಲಿಯುವ ದೇವರು ಎಂಥವನು? ಇದು ಬರೀ ಹುಡುಗನ ಮನಸ್ಸು ನೋಯಿಸಿದ ಮಾತಾಗಿ ಉಳಿಯುವುದಿಲ್ಲ. ನಂಬಿಕೆಗೇ ಹತ್ತಿದ ಮಸಿ ಅದು.

ಪರದವರು ಓಬರಾಮರ್ಗಾವ್ ಹೆಸರು ಹೇಳಬಹುದು. 1934ರಲ್ಲಿ ಆ ನಾಟಕ ನೋಡಲು ಹಿಟ್ಲರ್ ಹೋಗಿದ್ದ. ಯೆಹೂದ್ಯರನ್ನು ಕೆಟ್ಟವರಾಗಿ ತೋರಿಸುತ್ತಿದ್ದ ಕಾರಣಕ್ಕೇ ಅವನಿಗೆ ಅದು ತುಂಬಾ ಇಷ್ಟವಾಗಿತ್ತು. ಯೇಸುವಿನ ಸಾವಿಗೆ ಎಲ್ಲಾ ಯೆಹೂದ್ಯರನ್ನು ಹೊಣೆ ಮಾಡಬಾರದು ಅಂತ ಕಥೋಲಿಕ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. ಆ ಹಳ್ಳಿಯವರೂ ತಮ್ಮ ಮಾತುಗಳನ್ನು ತಿದ್ದಿಕೊಂಡರು. ನಾನು ನೋಡಿದ ನಾಟಕಗಳಲ್ಲಿ ಹಳೇ ನೋಟ್‌ಬುಕ್ಕಿನಿಂದ ಹೊಸ ನೋಟ್‌ಬುಕ್ಕಿಗೆ ಇಳಿಸಿಕೊಂಡ ಮಾತೇ ನಡೆಯುತ್ತಿದೆ.

ಪಾತ್ರ ಹಂಚುವವರು ಬದಲಾಗಲಿ, ಆ ನೋಟ್‌ಬುಕ್ಕನ್ನು ಕೂತು ಓದಿ ತಿದ್ದಲಿ. ಆಗ ನಾನೇ ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಅಲ್ಲಿಯವರೆಗೆ ಶಿಲುಬೆ ಹಾದಿ ಸಾಕು. ಯೇಸುವಿನ ಕೊನೆಯ ದಾರಿಯ ಹದಿನಾಲ್ಕು ಸ್ಥಳ, ಒಬ್ಬರು ಓದುತ್ತಾರೆ, ಎಲ್ಲರೂ ಮೊಣಕಾಲೂರುತ್ತಾರೆ, ಶಿಲುಬೆಯನ್ನು ಸರದಿ ಮೇಲೆ ಎಲ್ಲರೂ ಹೊರುತ್ತಾರೆ.