ನುಡಿ 01 ಇ ಮತ್ತು ಎಐ ಲ್ಯಾಪ್‌ಟಾಪು

ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೋದವರಿಗೆ ಅಂಗಡಿಯವರು ಕೇಳುವ ಪ್ರಶ್ನೆಗಳೆಲ್ಲ ದಂಡ. ರ‍್ಯಾಮ್ ಎಷ್ಟು ಬೇಕು, ಎಸ್‌ಎಸ್‌ಡಿ ಎಷ್ಟಿರಲಿ, ಎಐ ಇರೋದು ಬೇಕಾ, ಇಲ್ಲದ್ದು ಸಾಕಾ. ಕನ್ನಡದಲ್ಲಿ ನಾಲ್ಕು ಪುಟ ಟೈಪ್ ಮಾಡಿ ಯಾವುದಾದರೂ ಕಚೇರಿಗೆ ಕಳಿಸಬೇಕಾದವರನ್ನು ಕೇಳಬೇಕಾದದ್ದು ಒಂದೇ. ಆ ಕಚೇರಿಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿರುವ ಕಂಪ್ಯೂಟರ್ ಯಾವ ಕಾಲದ್ದು? ನಿಮ್ಮ ಹೊಸ ಯಂತ್ರದ ಹಣೆಬರಹ ಬರೆಯುವುದು ಅದು.

ಹೊಂದಿಕೊಂಡು ಹೋಗುವ ಕೆಲಸ ನಮ್ಮಲ್ಲಿ ಯಾವತ್ತೂ ಹೊಸದಾಗಿ ಬಂದವರದ್ದೇ, ಮದುವೆಯಾಗಿ ಬಂದ ಸೊಸೆಯ ಹಾಗೆ. ಮೈಕ್ರೋಸಾಫ್ಟಿನ ಕೋಪೈಲಟ್ ಪ್ಲಸ್ ಅಂತ ಹಣೆಪಟ್ಟಿ ಹೊತ್ತ ಲ್ಯಾಪ್‌ಟಾಪುಗಳಿಗೆ ಕನಿಷ್ಠ 16 ಜಿಬಿ ರ‍್ಯಾಮ್ ಇರಬೇಕು, ಅದರ ಎಐ ಚಿಪ್ಪು ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡಬೇಕು ಅಂತ ನಿಯಮವಿದೆ. ಅಷ್ಟು ಲೆಕ್ಕ ಬಲ್ಲ ಯಂತ್ರವನ್ನು ಮನೆಗೆ ತಂದು ನಾವು ಅದಕ್ಕೆ ಕೊಡುವ ಮೊದಲ ಅಪ್ಪಣೆ ಏನು? ‘ಆ ಹಳೇ ಕಂಪ್ಯೂಟರಿನಲ್ಲೂ ತೆರೆಯುವ ಹಾಗೆ ವರ್ಡ್ 97-2003 ಅಂತ ಸೇವ್ ಮಾಡು.’

ಆದರೆ ಸೇವ್ ಮಾಡುವುದಕ್ಕೆ ಮೊದಲು ವರ್ಡ್ ಇರುವ ಮೈಕ್ರೋಸಾಫ್ಟ್ ಆಫೀಸ್ ಇರಬೇಕಲ್ಲ. ಅಂಗಡಿಯ ಹುಡುಗ ಡಬ್ಬಿ ಬಿಚ್ಚುತ್ತಲೇ ಕೇಳುತ್ತಾನೆ.

“ಆಫೀಸ್ ಹಾಕ್ಕೊಡ್ಲಾ ಸಾರ್? ಒರಿಜಿನಲ್ ಬೇಕಾ, ನಾರ್ಮಲ್ ಸಾಕಾ?”

ಕದ್ದದ್ದು ನಾರ್ಮಲ್! ದುಡ್ಡು ಕೊಟ್ಟು ಕೊಂಡದ್ದು ಏನೋ ವಿಶೇಷ ಪೂಜೆ ಮಾಡಿಸಿದ ಹಾಗೆ, ಬೇಕಾದವರಿಗೆ ಮಾತ್ರ. ಇಲ್ಲ ಮಾರಾಯ, ಡಬ್ಬಿ ಮೇಲೇ ಆಫೀಸ್ ಹೋಮ್ ಅಂಡ್ ಸ್ಟೂಡೆಂಟ್ 2021 ಅಂತ ಬರೆದಿದೆ ನೋಡು ಅಂದರೆ, ಅದು ಮನೆಗೆ, ಓದುವ ಮಕ್ಕಳಿಗೆ. ವ್ಯಾಪಾರಕ್ಕೆ ಬಳಸುವ ಹಾಗಿಲ್ಲ ಅಂತ ಅದರ ಷರತ್ತಿನಲ್ಲೇ ಇದೆ. ಲೇಖನ ಬರೆದು ಐನೂರು ರೂಪಾಯಿ ಸಂಭಾವನೆ ತಗೊಂಡರೆ ಅದು ವ್ಯಾಪಾರವೋ ಅಲ್ಲವೋ? ಸಂಭಾವನೆ ಬಂದರೆ ತಾನೇ ಆ ಪ್ರಶ್ನೆ ಅನ್ನುತ್ತೀರಾ, ಅದೂ ಸರಿ.

ವರ್ಷ ವರ್ಷ ಬಾಡಿಗೆ ಕಟ್ಟುವ ಇನ್ನೊಂದು ದಾರಿ ಇದೆ. ಅದಕ್ಕೆ ಆಫೀಸ್ 365 ಅಂತ ಹೆಸರಿತ್ತು. 2020ರಲ್ಲಿ ಮೈಕ್ರೋಸಾಫ್ಟ್ 365 ಆಯಿತು. 2025ಕ್ಕೆ ಅದರ ಆ್ಯಪ್ ಮೈಕ್ರೋಸಾಫ್ಟ್ 365 ಕೋಪೈಲಟ್ ಆಯಿತು. ಸರ್ಕಲ್ಲುಗಳ ಹೆಸರು ಬದಲಿಸುವ ನಮ್ಮ ನಗರಸಭೆಗಳಿಗೂ ಇಷ್ಟು ಅವಸರ ಇರಲಿಲ್ಲ.

ಇದೆಲ್ಲ ಬೇಡಪ್ಪಾ, ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಹಾಕಿಕೊಳ್ಳೋಣ ಅಂದರೆ ಅದು ಎಲ್ಲಕ್ಕಿಂತ ಮರ್ಯಾದಸ್ಥ ದಾರಿ. 2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದು ಬಂದದ್ದು. ಅದು ಬಳಸುವ ಓಡಿಟಿ ಮಾದರಿಯ ಕಡತಕ್ಕೆ 2006ರಿಂದಲೇ ಅಂತರರಾಷ್ಟ್ರೀಯ ಮಾನಕದ ಮುದ್ರೆ ಇದೆ. ವರ್ಡಿನ ಡಾಕ್ಸ್‌ಗೆ ಅದು ಸಿಕ್ಕಿದ್ದು 2008ರಲ್ಲಿ. ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30 ಸಾವಿರ ಸರ್ಕಾರಿ ಕಂಪ್ಯೂಟರುಗಳನ್ನು ಲಿಬ್ರೆ ಆಫೀಸಿಗೇ ಬದಲಾಯಿಸುತ್ತೇವೆ ಅಂತ 2024ರಲ್ಲಿ ಹೇಳಿತು. ನಮ್ಮ ಕೇಂದ್ರ ಸರ್ಕಾರವೂ ಹಿಂದೆ ಬಿದ್ದಿಲ್ಲ. ಇ-ಆಡಳಿತಕ್ಕೆ ಮುಕ್ತ ಮಾನಕಗಳೇ ಇರಲಿ ಅಂತ 2010ರಲ್ಲಿ ಒಂದು ನೀತಿ, ಮುಕ್ತ ತಂತ್ರಾಂಶ ಬಳಸಿ ಅಂತ 2015ರಲ್ಲಿ ಇನ್ನೊಂದು ನೀತಿ ಬಂದಿದೆ. ಆ ಧೈರ್ಯದ ಮೇಲೆ ಒಂದು ಓಡಿಟಿ ಕಡತವನ್ನು ಯಾವುದಾದರೂ ಕಚೇರಿಗೆ ಮೇಲ್ ಮಾಡಿ ನೋಡಿ. ಅರ್ಧ ಗಂಟೆಯಲ್ಲಿ ಫೋನ್ ಬರುತ್ತದೆ.

“ಸಾರ್, ಏನೋ ವೈರಸ್ ಕಳ್ಸಿದೀರಲ್ಲ?”

ಇಷ್ಟೆಲ್ಲ ಆದರೂ ಇದು ಬರೀ ಹೊರಾವರಣ. ಗರ್ಭಗುಡಿ ಇರುವುದು ಸುತ್ತೋಲೆಯ ಕೊನೇ ಸಾಲಿನಲ್ಲಿ. ಪ್ರಬಂಧ ಸ್ಪರ್ಧೆಯಿರಲಿ, ವಿಚಾರ ಸಂಕಿರಣವಿರಲಿ, ಸ್ಮರಣ ಸಂಚಿಕೆಯಿರಲಿ, ಆ ಸಾಲು ಮಾತ್ರ ತಪ್ಪುವುದಿಲ್ಲ: ‘ಲೇಖನವನ್ನು ನುಡಿ 01 ಇ ಫಾಂಟಿನಲ್ಲಿ ಬೆರಳಚ್ಚು ಮಾಡಿ ವರ್ಡ್ ಹಾಗೂ ಪಿಡಿಎಫ್ ಎರಡೂ ರೂಪದಲ್ಲಿ ಕಳುಹಿಸತಕ್ಕದ್ದು.’

ನುಡಿಯನ್ನು ಹೀಗಳೆಯುವುದು ನನ್ನ ಉದ್ದೇಶ ಅಲ್ಲ. ಒಬ್ಬೊಬ್ಬ ತಂತ್ರಾಂಶದವನೂ ತನ್ನದೇ ಗುಟ್ಟಿನ ಸಂಕೇತ ಇಟ್ಟುಕೊಂಡು ಕನ್ನಡ ಮಾರುತ್ತಿದ್ದ ಕಾಲ ಅದು. ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ ನುಡಿಯನ್ನು ತಯಾರಿಸಿ ಪುಕ್ಕಟೆ ಹಂಚಿತು. ನುಡಿಯಲ್ಲಿ ಬಳಸುವ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಇವತ್ತಿಗೂ ಸಾವಿರಾರು ಜನರ ಬೆರಳಲ್ಲಿ ಕೂತಿದೆ. ಕೀಲಿಮಣೆಯ ತಂಟೆಗೆ ಯಾರೂ ಹೋಗಬೇಕಿಲ್ಲ. ತಕರಾರು ಇರುವುದು ಹಳೇ ಫಾಂಟಿನ ಬಗ್ಗೆ, ಅದನ್ನು ಬಿಡಲಾರದ ನಮ್ಮ ಬಗ್ಗೆ.

ಆ ಫಾಂಟಿನ ಒಳಗೆ ಒಮ್ಮೆ ಇಣುಕಿ ನೋಡಬೇಕು. ನುಡಿ 01 ಇನಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿ, ಆಮೇಲೆ ಫಾಂಟನ್ನು ಟೈಮ್ಸ್ ನ್ಯೂ ರೋಮನ್‌ಗೆ ಬದಲಿಸಿ. ಮೊದಲು ಒಂದು ದೊಡ್ಡ ಪಿ. ಪಕ್ಕದಲ್ಲಿ ತಲೆ ಮೇಲೆ ಓರೆ ಗೀಟು ಹೊತ್ತ ಎ. ಆಮೇಲೆ ಬ್ರಿಟಿಷರ ಪೌಂಡ್ ಗುರುತು. ಮತ್ತೆ ಅದೇ ಗೀಟಿನ ಎ. ನಂತರ ಜರ್ಮನ್ ಭಾಷೆಯಲ್ಲಿ ಮಾತ್ರ ಬಳಸುವ ಎಸ್ಸೆಟ್ ಅಕ್ಷರ, ಅದು ನಮ್ಮ ನ ಒತ್ತು. ಒಂದು ಸಣ್ಣ ಕ್ಯೂ. ಕೊನೆಗೆ ಇನ್ನೊಂದು ಎ. ನವೆಂಬರ್ ಒಂದನೇ ತಾರೀಖು ವೇದಿಕೆಯ ಮೇಲೆ ಓದುವ ಭಾಷಣದ ಪ್ರತಿಯಲ್ಲೂ ಕನ್ನಡದ ಹೊಟ್ಟೆಯೊಳಗೆ ಪೌಂಡು ಕೂತಿರುತ್ತದೆ.

ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿ ಕನ್ನಡ ಇಲ್ಲವೇ ಇಲ್ಲ. ಕೆಟ್ಟ ಸ್ಪೆಲಿಂಗಿನ ಇಂಗ್ಲಿಷ್ ಇದೆ. ಅದಕ್ಕೇ ಪುಟದ ತುಂಬ ಕೆಂಪು ಗೆರೆ. ವರ್ಡ್ ಪಾಪ, ವಾಕ್ಯದ ಮೊದಲ ಅಕ್ಷರ ಕ್ಯಾಪಿಟಲ್ ಇರಬೇಕು ಅಂತ ತಾನೇ ತಿದ್ದುತ್ತದೆ. ಸಣ್ಣ ಕ್ಯೂ ಇದ್ದರೆ ಡ, ದೊಡ್ಡ ಕ್ಯೂ ಆದರೆ ಕಿ. ಸಾಲಿನ ಮೊದಲಿಗೆ ‘ಡಾ.’ ಅಂತ ಬರೆಸಿಕೊಂಡ ಎಷ್ಟು ಮಂದಿಯ ಡಾಕ್ಟರೇಟು ಹೀಗೆ ಕೈಬಿಟ್ಟು ಹೋಗಿದೆಯೋ! ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅಲ್ಲಿ ಸಿಗುವುದು ಇದೇ ಪೌಂಡು, ಇದೇ ಗೀಟಿನ ಎ. ಹುಡುಕಿದರೆ ಒಂದು ಪದ ಸಿಗುವುದಿಲ್ಲ. ಕನ್ನಡ ಕಲಿತು ಬಂದ ಎಐ ಎದುರಿಗೆ ಇಟ್ಟರೆ ಅದಕ್ಕೂ ಮೊದಲು ಈ ಒಗಟು ಬಿಡಿಸುವುದೇ ಕೆಲಸ.

ಎಲ್ಲ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಜಾಗತಿಕ ಪಟ್ಟಿ ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ತುಂಗಾ ಅನ್ನುವ ಕನ್ನಡ ಫಾಂಟು ವಿಂಡೋಸ್ ಎಕ್ಸ್‌ಪಿ ಜೊತೆಗೆ 2001ರಲ್ಲೇ ಬಂತು. ಇವತ್ತು ಊರಿನ ಅಜ್ಜಿ ಬೆಳಿಗ್ಗೆ ಐದಕ್ಕೆದ್ದು ವಾಟ್ಸಾಪಿನಲ್ಲಿ ಶುಭೋದಯ ಕಳಿಸುತ್ತಾರೆ. ಅಮೆರಿಕದ ಮೊಮ್ಮಗಳು ಓದುತ್ತಾಳೆ. ‘ಅಜ್ಜಿ, ನುಡಿಯಲ್ಲಿ ಕಳಿಸತಕ್ಕದ್ದು’ ಅಂತ ಅವಳು ಯಾವತ್ತೂ ಹೇಳಿಲ್ಲ. ಯೂನಿಕೋಡ್ ಏನು ದೇವಲೋಕದ ಪಾರಿಜಾತ ಅಲ್ಲ. ಅದರಲ್ಲಿ ‘ರ‍್ಯಾಮ್’ ಅಂತ ಸರಿಯಾಗಿ ಮೂಡಿಸಲು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ತೂರಿಸಬೇಕು, ಇಲ್ಲದಿದ್ದರೆ ಅರ್ಕಾವತ್ತು ಓಡಿ ಬಂದು ಕೂರುತ್ತದೆ. ಆದರೂ ಅಲ್ಲಿ ಕ ಅಂದರೆ ಕ. ಪಿ ಅಲ್ಲ.

ಹಾಗಾದರೆ ಈ ಸಾಲು ಸುತ್ತೋಲೆಯಿಂದ ಯಾಕೆ ಹೋಗುವುದಿಲ್ಲ? ಕಾರಣ ಸಾಹಿತ್ಯದ್ದಲ್ಲ, ಆಡಳಿತದ್ದೂ ಅಲ್ಲ. ಅಚ್ಚಿಗೆ ಪುಟ ಜೋಡಿಸುವ ಡಿಟಿಪಿಯದ್ದು. ಎಷ್ಟೋ ಪ್ರೆಸ್‌ಗಳಲ್ಲಿ ಇನ್ನೂ ಪೇಜ್‌ಮೇಕರ್ 7 ಅನ್ನುವ ಹಳೇ ಪುಟವಿನ್ಯಾಸದ ತಂತ್ರಾಂಶ ಓಡುತ್ತಿದೆ. ಅದು ಬಂದದ್ದು 2001ರಲ್ಲಿ. ಅದರ ಕಂಪನಿ ಅಡೋಬಿ 2004ರಲ್ಲೇ ಅದಕ್ಕೆ ಎಳ್ಳುನೀರು ಬಿಟ್ಟಿದೆ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ನಮ್ಮ ಡಿಟಿಪಿ ಹುಡುಗನಿಗೆ ಪೇಜ್‌ಮೇಕರ್ ಬಿಟ್ಟು ಇನ್ನೊಂದು ಗೊತ್ತಿಲ್ಲ, ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಅವನ ತಪ್ಪಲ್ಲ ಬಿಡಿ, ಪುಟಕ್ಕೆ ಇಷ್ಟು ಅಂತ ದುಡಿಯುವವನು ಅವನು. ಆದರೆ ಅವನೊಬ್ಬನ ಮೌಸಿನ ಅನುಕೂಲಕ್ಕೆ ಕುಲಪತಿಗಳಿಂದ ಹಿಡಿದು ಕಾರ್ಯದರ್ಶಿಗಳ ತನಕ ಎಲ್ಲರೂ ಪೌಂಡ್ ಟೈಪ್ ಮಾಡುತ್ತಿದ್ದಾರೆ.

ಈಗ ಈ ಪ್ರದಕ್ಷಿಣೆ ನೋಡಿ. ಲೇಖಕಿ ಫೋನಿನಲ್ಲಿ ಯೂನಿಕೋಡಿನಲ್ಲಿ ಬರೆಯುತ್ತಾಳೆ. ಸುತ್ತೋಲೆಗೆ ಹೆದರಿ ಕನ್ವರ್ಟರ್‌ಗೆ ಹಾಕಿ ನುಡಿ ಮಾಡುತ್ತಾಳೆ. ಅಲ್ಲಿ ನಾಲ್ಕು ಒತ್ತಕ್ಷರ ಉದುರುತ್ತವೆ. ಪ್ರೆಸ್ಸಿನಲ್ಲಿ ಪುಟವಾಗುತ್ತದೆ. ಪುಸ್ತಕ ಬಿಡುಗಡೆಯಾದ ಮೇಲೆ ‘ಡಿಜಿಟಲೀಕರಣ’ ಅಂತ ಒಂದು ಯೋಜನೆ ಬರುತ್ತದೆ, ಅದಕ್ಕೆ ಟೆಂಡರ್. ಟೆಂಡರ್ ಹಿಡಿದವರು ನುಡಿಯನ್ನು ಮತ್ತೆ ಯೂನಿಕೋಡಿಗೆ ತಿರುಗಿಸುತ್ತಾರೆ. ಉಳಿದಿದ್ದ ಅರ್ಕಾವತ್ತುಗಳು ಆಗ ಜಾಗ ಬಿಟ್ಟು ಎದ್ದು ಹೋಗುತ್ತವೆ. ಅದನ್ನು ತಿದ್ದಲು ತಜ್ಞರ ಸಮಿತಿ. ಸಮಿತಿಯ ವರದಿ ಯಾವ ಫಾಂಟಿನಲ್ಲಿ ಇರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಇರಲಿ. ನಾನೂ ಆ ಸಾಲನ್ನು ಪಾಲಿಸಿದೆ. ಹೊಸ ಲ್ಯಾಪ್‌ಟಾಪಿಗೆ ನುಡಿ ಹಾಕಿದೆ, 01 ಇ ಆರಿಸಿದೆ, ಆಟೋಕರೆಕ್ಟಿನ ಬಾಯಿ ಮುಚ್ಚಿಸಿದೆ, 97-2003 ಅಂತಲೇ ಸೇವ್ ಮಾಡಿ ಒಂದು ಕಚೇರಿಗೆ ಕಳಿಸಿದೆ. ಮಾರನೇ ದಿನ ಫೋನ್ ಬಂತು.

“ಸಾರ್, ನಿಮ್ಮದು ಇಂಗ್ಲಿಷಲ್ಲಿ ಬಂದಿದೆ. ಇಂಗ್ಲಿಷೂ ತಪ್ಪುತಪ್ಪಾಗಿದೆ.”

“ನುಡಿ 01 ಇ ಅಮ್ಮಾ ಅದು. ನೀವೇ ಹೇಳಿದ್ದಲ್ಲ?”

“ಹೌದು ಸಾರ್. ಆದ್ರೆ ನಮ್ಗೂ ಹೋದ ವಾರ ಹೊಸ ಕಂಪ್ಯೂಟರ್ ಕೊಟ್ರು. ಇದ್ರಲ್ಲಿ ನುಡಿ ಇಲ್ಲ. ಹಾಕೋಣ ಅಂದ್ರೆ ಅಡ್ಮಿನ್ ಪಾಸ್‌ವರ್ಡ್ ಕೇಳತ್ತೆ, ಅದು ಜಿಲ್ಲಾ ಕಚೇರಿಯವ್ರ ಹತ್ರ ಇದೆ.”

“ಪಿಡಿಎಫ್ ಕೂಡ ಕಳ್ಸಿದೀನಲ್ಲ, ಅದು ಸರಿ ಇದೆಯಾ?”

“ಅದು ಚೆನ್ನಾಗಿದೆ ಸಾರ್. ಪ್ರಿಂಟ್ ತೆಗ್ದು ಇಟ್ಕೊಂಡಿದೀವಿ. ನೀವು ತಲೆ ಕೆಡಿಸ್ಕೊಬೇಡಿ, ನಮ್ಮ ಹುಡುಗಿ ಟೈಪ್ ಮಾಡ್ತಿದಾಳೆ.”

“ನುಡಿ ಇಲ್ಲದೆ ಹೇಗಮ್ಮಾ ಟೈಪ್ ಮಾಡ್ತಾರೆ?”

“ಫೋನಲ್ಲಿ ಸಾರ್. ಪ್ರಿಂಟ್ ನೋಡ್ಕೊಂಡು ಬಾಯಲ್ಲಿ ಓದ್ತಾಳೆ, ಅದೇ ಕನ್ನಡದಲ್ಲಿ ಬರ್ಕೊಳ್ಳತ್ತೆ. ಸಂಜೆ ಹೊರಗಡೆ ಸೈಬರಿಗೆ ಹೋಗಿ ನುಡಿಗೆ ಕನ್ವರ್ಟ್ ಮಾಡಿಸ್ಕೊಂಡು ಬಂದ್ಬಿಡ್ತಾಳೆ.”