ಮುಚ್ಚಿದ ಅಂಗಡಿಗೆ ಅಳುವ ಶಾಸ್ತ್ರೋಕ್ತ ವಿಧಾನ

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಈಗ ನಷ್ಟವೇ ಇಲ್ಲದ ವ್ಯಾಪಾರವೆಂದರೆ ಹಳೇ ಅಂಗಡಿಗಳ ನೆನಪಿನದು. ಅಡ್ವಾನ್ಸ್ ಬೇಡ, ಟ್ರೇಡ್ ಲೈಸೆನ್ಸ್ ಬೇಡ, ಒಂದು ಫೋನಿದ್ದರೆ ಸಾಕು. ಆದರೆ ಶಾಸ್ತ್ರ ತಪ್ಪಬಾರದು, ಹೊಸಬರು ಎಡವುವುದೇ ಅಲ್ಲಿ.

ಮೊದಲು ರಸ್ತೆಯ ಹೆಸರು. ‘ನಮ್ಮ ಸೌತ್ ಪರೇಡ್’ ಎಂದೇ ಶುರುಮಾಡಿ. ಆ ಹೆಸರು ಹೋಗಿದ್ದು 1948ರಲ್ಲಿ. ನೀವು ಹುಟ್ಟಿದ್ದು 1985ರಲ್ಲಾದರೂ ಚಿಂತೆಯಿಲ್ಲ, ಯಾರೂ ಕೂಡಿ ಕಳೆದು ನೋಡುವುದಿಲ್ಲ. ಆಮೇಲೆ ಫೋಟೊ. ಬಣ್ಣ ತೆಗೆದು ಹಳದಿ ಬಳಿಯಿರಿ, ಬುಲೆವಾರ್ಡಿನ ಮರಗಳು ಕಾಣುವಂತೆ ಕತ್ತರಿಸಿ. ಮೂಲೆಯಲ್ಲಿ ಮೆಟ್ರೊ ಕಂಬದ ಚೂರು ಉಳಿದರೂ ಗುಟ್ಟು ರಟ್ಟು. ಪ್ಲಾಜಾ ಟಾಕೀಸಿಗೆ ಒಂದು ಪ್ಯಾರಾ ಕಡ್ಡಾಯ: 1936ರ ಆ ಟಾಕೀಸನ್ನು ಕೆಡವಿದ್ದು ಮೆಟ್ರೊ ನಿಲ್ದಾಣಕ್ಕಾಗಿ. ಈ ಪ್ಯಾರಾವನ್ನು ಅದೇ ಮೆಟ್ರೊದಲ್ಲಿ ಕೂತು ಟೈಪಿಸಲು ಅಡ್ಡಿಯಿಲ್ಲ, ಎ.ಸಿ. ಚೆನ್ನಾಗಿದೆ.

ಇನ್ನು ಸಾವಿನ ಕಾರಣ. ಮೂವರು ಆರೋಪಿಗಳನ್ನು ಮಾತ್ರ ಹೆಸರಿಸಬಹುದು: ಮೆಟ್ರೊ, ಮಾಲ್, ಆನ್‌ಲೈನ್. ಕರ್ನಾಟಕ ಬಾಡಿಗೆ ಕಾಯ್ದೆ, 1999ರ ಸುದ್ದಿ ಎತ್ತಿದಿರೋ, ಓದುವವರ ಕಣ್ಣೀರು ಅಲ್ಲೇ ಆರುತ್ತದೆ. 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಮಳಿಗೆಗೆ ಆ ಕಾಯ್ದೆಯ ಆಸರೆಯಿಲ್ಲ. ಅಂದರೆ ಸುಮಾರು 150 ಚದರಡಿ: ಒಂದು ಕಪಾಟು, ಒಂದು ಗಲ್ಲಾಪೆಟ್ಟಿಗೆ, ಮೈಮುರಿದರೆ ಗೋಡೆ. ಪುಸ್ತಕದಂಗಡಿ, ಫೋಟೊ ಸ್ಟುಡಿಯೊ, ಕಾಫಿ ಹೌಸ್ ಯಾವುದೂ ಅಷ್ಟರಲ್ಲಿ ಹಿಡಿಸದು. ಹೀಗೆ ಹೊರಗುಳಿದ ಮಳಿಗೆಯಲ್ಲಿ ಲೀಸ್ ಮುಗಿದು ತಿಂಗಳ ಬಾಡಿಗೆಗೆ ಇರುವವನಿಗೆ 15 ದಿನದ ನೋಟಿಸು ಸಾಕು, ಮುಂದಿನದು ಸಿವಿಲ್ ಕೋರ್ಟಿನ ಪಾಡು. ಮಾಲೀಕ ಕೇಳುವ ದರವನ್ನು ನಿಘಂಟು ಮಾರುವವನು ಕೊಡಲಾರ, ಮೊಬೈಲ್ ಶೋರೂಮಿನವನು ಕೊಡುತ್ತಾನೆ. ಕಥೆ ಇಷ್ಟೇ, ಆದರೆ ಇದಕ್ಕೆ ಲೈಕು ಬೀಳುವುದಿಲ್ಲ.

ಇನ್ನೊಂದು ಕಾರಣವನ್ನಂತೂ ಬಾಯಿಬಿಡಲೇಬೇಡಿ: ಗಿರಾಕಿ. ನಾಲ್ಕು ಕುರ್ಚಿಯ ಟೇಬಲ್ಲು, ಒಂದು ಬೈಟು ಕಾಫಿ, ಮೂರು ಗಂಟೆ ಕ್ರಾಂತಿಯ ಚರ್ಚೆ, ಎದ್ದು ಹೋಗುವಾಗ ಇನ್ನೊಂದು ಲೋಟ ನೀರು. ಹೀಗೆ ಟೇಬಲ್ಲು ಖಾಲಿಯಾಗದಿದ್ದರೆ ಹಾಲಿನವನ ಬಾಕಿಯೂ ಹುಟ್ಟುವುದಿಲ್ಲ. ಪುಸ್ತಕದಂಗಡಿಯದು ಬೇರೆ ಬಗೆ: ನಿಂತೇ ಎರಡು ಅಧ್ಯಾಯ ಓದಿ, ಓದಿದಲ್ಲಿಗೆ ಪುಟದ ಕಿವಿ ಮಡಚಿ, ಹಿಂಬದಿಯ ಬೆಲೆಯ ಫೋಟೊ ತೆಗೆದು, ಮನೆಗೆ ಹೋಗಿ ಅಗ್ಗಕ್ಕೆ ತರಿಸಿಕೊಳ್ಳುವುದು. ಮಡಚಿದ ಪ್ರತಿಯನ್ನು ಪ್ರಕಾಶಕ ವಾಪಸ್ ತೆಗೆದುಕೊಳ್ಳುವುದಿಲ್ಲ, ಅದು ಅಂಗಡಿಯವನ ತಲೆಗೇ. ಬಾಗಿಲು ಹಾಕುವ ವಾರ ಮಾತ್ರ ಇವರೆಲ್ಲ ಹಾಜರು. ಗದ್ಗದ ಕಂಠ, ಸೆಲ್ಫಿ, ನಡುವೆ ಮೆಲ್ಲಗೆ ಒಂದು ಪ್ರಶ್ನೆ: ‘ಕಪಾಟು ಎಷ್ಟಕ್ಕೆ ಕೊಡ್ತೀರಿ ಸಾರ್?’

ಕೊನೆಗೆ ಒಂದು ಎಚ್ಚರಿಕೆ. ಉಸಿರು ನಿಂತಿದ್ದು ಖಾತ್ರಿಯಾಗದೆ ತಿಥಿ ಮಾಡಬಾರದು. ಇಂಡಿಯಾ ಕಾಫಿ ಹೌಸ್ 2009ರಲ್ಲಿ ಎಂ.ಜಿ. ರಸ್ತೆ ಬಿಟ್ಟಿದ್ದು ನಿಜ, ಆದರೆ ಅದು ಹೋಗಿದ್ದು ಪರಲೋಕಕ್ಕಲ್ಲ, ಹಿಂದಿನ ಬೀದಿಯ ಚರ್ಚ್ ಸ್ಟ್ರೀಟಿಗೆ. ಆದರೂ ಪ್ರತಿ ವರ್ಷ ಅದಕ್ಕೆ ಶ್ರದ್ಧಾಂಜಲಿ ಸಲ್ಲುತ್ತಲೇ ಇದೆ. ಈ ವಿಷಯ ತಿಳಿಸಿ ಶೋಕಕ್ಕೆ ಭಂಗ ತರುವವರನ್ನು ಗ್ರೂಪಿನಿಂದ ತಕ್ಷಣ ತೆಗೆದುಹಾಕಿ. ಇಲ್ಲವಾದರೆ ಒಂದು ದಿನ ಅಲ್ಲಿಗೆ ಹೋಗಿ ಬಿಲ್ಲು ಕೊಡಬೇಕಾದೀತು.