ಇರೋದು ಒಂದು ಬಾಡಿಗೆ ಮನೆ, ಹಾಡೋದು ಐದು ಮನೆ

ನನ್ನ ಶ್ರುತಿ ಐದು ಮನೆ. ಸಂಗೀತದ ಗಂಧವಿಲ್ಲದವರ ಕಿವಿಗೆ ಬೀಳುವ ಹಾಗೆ ಈ ಮಾತು ಹೇಳಬಾರದು ಅಂತ ನನಗೆ ಗೊತ್ತಾಗಿದ್ದು ಮೈಸೂರಿನ ಈಗಿನ ಬಾಡಿಗೆ ಮನೆಗೆ ಬಂದ ಹೊಸದರಲ್ಲಿ. ಮೆಟ್ಟಿಲ ಮೇಲೆ ನಿಂತು ಶಿಷ್ಯೆಯೊಬ್ಬಳ ತಾಯಿಯ ಹತ್ತಿರ ಫೋನಿನಲ್ಲಿ ಮಾತಾಡ್ತಿದ್ದೆ. "ಹೌದು ರೀ, ನನ್ನದು ಐದು ಮನೆ. ನಿಮ್ಮ ಮಗಳಿಗೆ ಐದೂವರೆ ಆದರೂ ಆಗಬಹುದು, ನೋಡೋಣ." ಕೆಳಗೆ ಓನರ್ ಗಿಡಕ್ಕೆ ನೀರು ಹಾಕ್ತಿದ್ದರು. ಮುಂದಿನ ತಿಂಗಳು ಬಾಡಿಗೆ ಜಾಸ್ತಿ ಮಾಡೋಕೆ ಬಂದವರು ಮೊದಲು ಕೇಳಿದ್ದೇ, "ಅಲ್ಲಮ್ಮಾ, ಐದು ಮನೆ ಇಟ್ಕೊಂಡು ಇಲ್ಲಿ ಯಾಕೆ ಬಾಡಿಗೆಗೆ ಇದ್ದೀರಾ?"

ಹಾರ್ಮೋನಿಯಂ ತಂದು ಅವರ ಮುಂದೆ ಇಟ್ಟು, ಹಾಡೋ ಶ್ರುತಿಗೆ ಮನೆ ಅಂದರೆ ಈ ಕೀಲಿ, ಇದು ಒಂದು ಮನೆ, ಇದು ಎರಡು ಮನೆ ಅಂತ ಬಿಳಿ ಕೀಲಿಗಳನ್ನು ಒತ್ತಿ ಒತ್ತಿ ತೋರಿಸಿದೆ. ಅರ್ಥವಾಯಿತು ಅಂದರು. ಬಾಡಿಗೆ ಮಾತ್ರ ಇಳಿಯಲಿಲ್ಲ.

21 ವರ್ಷದಿಂದ ಪಾಠ ಹೇಳ್ತಿದ್ದೇನೆ. ನನ್ನ ಕೆಲಸ ಇಷ್ಟೇ. ನಾನು ಒಂದು ಸಾಲು ಹಾಡಿ ನಿಲ್ಲಿಸಬೇಕು, ಮಕ್ಕಳು ಅದನ್ನು ಎರಡು ಸಲ ಹೇಳಬೇಕು. ಸರಿ ಇಲ್ಲದಿದ್ದರೆ "ಇನ್ನೊಂದು ಸಲ" ಅನ್ನಬೇಕು. ಈ "ಇನ್ನೊಂದು ಸಲ" ನನ್ನ ನಾಲಿಗೆಗೆ ಎಷ್ಟು ಅಂಟಿದೆ ಅಂದರೆ, ಸಿಲಿಂಡರ್ ತಂದ ಹುಡುಗನಿಗೆ ಓಟಿಪಿ ಹೇಳಿದಾಗಲೂ ಅವನಿಂದ ಅದನ್ನು ಎರಡೆರಡು ಸಲ ಹೇಳಿಸ್ತೇನೆ. ಅವನೂ ಈಗೀಗ ರಾಗವಾಗಿಯೇ ಹೇಳ್ತಾನೆ.

ಮಕ್ಕಳದ್ದು ಒಂದು ಲೋಕ, ಅವರ ತಾಯಂದಿರದ್ದು ಇನ್ನೊಂದು. ಸ್ವರಗಳ ಮೊದಲ ಪಾಠವಾದ ಸರಳೆ ವರಸೆ ಶುರುವಾಗಿ ಮೂರು ವಾರ ಆಗಿರಲ್ಲ, "ಮೇಡಂ, ಹಾಡು ಯಾವಾಗ? ಟಿವಿ ಆಡಿಶನ್ ಮುಂದಿನ ತಿಂಗಳು ಇದೆ" ಅಂತ ಕೇಳುವವರಿದ್ದಾರೆ. ನಾನೇನು ಮಾಡಲಿ? ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರ, ಆಮೇಲೆ ಮಲಹರಿ ರಾಗದಲ್ಲಿ ಪಿಳ್ಳಾರಿ ಗೀತೆ ಅಂತ ದಾರಿ ಹಾಕಿಕೊಟ್ಟವರು ಪುರಂದರದಾಸರು. ಅವರು ತೀರಿಕೊಂಡಿದ್ದು 1564ರಲ್ಲಿ, ಈಗ ಕೇಳೋಣ ಅಂದರೂ ಆಗಲ್ಲ. ಒಂದು ಕಾಲಕ್ಕೆ ನವಕೋಟಿ ನಾರಾಯಣ ಅನ್ನಿಸಿಕೊಂಡಿದ್ದ ಸಾಹುಕಾರರು, ಎಲ್ಲಾ ಬಿಟ್ಟು ತಂಬೂರಿ ಹಿಡಿದು ಮನೆಮನೆಗೆ ಹೋಗಿ ಬೇಡುವ ಮಧುಕರವೃತ್ತಿಗೆ ಇಳಿದರಂತೆ. ತಿಂಗಳ ಹತ್ತನೇ ತಾರೀಕು ದಾಟಿದ ಮೇಲೆ ಫೀಸಿಗೆ ಫೋನ್ ಮೇಲೆ ಫೋನ್ ಮಾಡ್ತಾ ನಾನೂ ಹೆಚ್ಚುಕಮ್ಮಿ ಅದನ್ನೇ ಮಾಡ್ತೇನೆ, ಬಿಡೋಕೆ ಕೋಟಿ ಇಲ್ಲ ಅಷ್ಟೇ. "ಈ ತಿಂಗಳು ಎರಡೇ ಕ್ಲಾಸಿಗೆ ಬಂದಿದ್ದಾಳೆ ಮೇಡಂ, ಅರ್ಧ ಕೊಡ್ಲಾ?" ಅಂತಾರೆ. ಅವಳು ಬರದ ದಿನಗಳಲ್ಲಿ ನಾನು ಮನೆ ಬಿಟ್ಟು ಎಲ್ಲೂ ಹೋಗಿರಲಿಲ್ಲ ಅನ್ನೋದನ್ನ ಯಾವ ಲೆಕ್ಕದಲ್ಲಿ ಬರೆಯೋದು?

ಲಂಬೋದರ ಲಕುಮಿಕರ ಹೇಳಿಕೊಡುವಾಗ ಒಬ್ಬ ಪುಟಾಣಿ "ಲಂಬೋದರ ಲಕ್ಕಿ ಕಾರ್" ಅಂತ ಹಾಡಿದ. ತಿದ್ದಿದೆ. ಮತ್ತೆ ಲಕ್ಕಿ ಕಾರ್. ಮೂರನೇ ದಿನ ಕೇಳಿದ, "ಮಿಸ್, ಗಣಪತಿ ಇಲಿ ಬಿಟ್ಟು ಕಾರ್ ಯಾವಾಗ ತಗೊಂಡ?" ನಕ್ಕುಬಿಟ್ಟೆ. ಅದೇ ತಪ್ಪಾಯಿತು. ಈಗ ಬ್ಯಾಚಿನ ಎಂಟೂ ಮಕ್ಕಳು ಕಾರಿನಲ್ಲೇ ಹೋಗ್ತಾರೆ.

ಭಾನುವಾರ ಬೆಳಿಗ್ಗೆ ನ್ಯೂಜೆರ್ಸಿಯ ಮೂರು ಮಕ್ಕಳಿಗೆ ಆನ್‌ಲೈನ್ ಪಾಠ. ಅವರಿಗೆ ಶನಿವಾರ ರಾತ್ರಿ ಎಂಟೂವರೆ, ನಮಗೆ ಏಳು ಗಂಟೆ. ಮಾರ್ಚ್‌ನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ, ಆಗ ನಮ್ಮ ಏಳು ಆರಾಗುತ್ತದೆ. ಅದು ನನಗೆ ಪ್ರತಿ ವರ್ಷ ಮರೆತುಹೋಗುತ್ತದೆ. ಹೋದ ವರ್ಷ ಆರು ಗಂಟೆಗೆ, ತಲೆ ತುಂಬಾ ಹರಳೆಣ್ಣೆ ಮೆತ್ತಿಕೊಂಡು ನಿಂತಿದ್ದೆ. ಫೋನ್ ಬಡಿಯಿತು. ಯಾರೋ ಅಂತ ಒತ್ತಿದರೆ ವಿಡಿಯೋ. ಮೂರು ಮಕ್ಕಳು, ಅವರ ಹಿಂದೆ ಅವರ ಅಜ್ಜ ಅಜ್ಜಿ, ಎಲ್ಲರೂ ಕೈಮುಗಿದು "ನಮಸ್ತೆ ಗುರುಗಳೇ" ಅಂದರು. ಆ ಕಡೆಯವರು ಮಾತ್ರ ನನಗೆ ಗುರುಗಳೇ ಅನ್ನೋದು, ಅದೂ ಎಣ್ಣೆ ತಲೆಗೆ.

ಈ ಆನ್‌ಲೈನ್ ಪಾಠದ ಇನ್ನೊಂದು ಚಂದ ನೋಡಿ. ನಾನು ಇಲ್ಲಿ ತಂಬೂರಿ ಹಾಕಿಕೊಂಡು ಕೂತರೆ ಆ ಕಡೆ ಮಕ್ಕಳಿಗೆ ಕೇಳಿಸೋದೇ ಇಲ್ಲ. ಯಾಕೆ ಅಂತ ಮಗನನ್ನು ಕೇಳಿದೆ. "ಅಮ್ಮಾ, ಒಂದೇ ಸಮ ಬರೋ ಸದ್ದನ್ನ ಅದು ಫ್ಯಾನ್ ಸದ್ದು ಅಂದ್ಕೊಂಡು ತೆಗೆದುಹಾಕತ್ತೆ" ಅಂದ. ಯಾವುದಕ್ಕೆ ನಾವು ನಾದಬ್ರಹ್ಮ ಅಂತ ಕೈಮುಗಿದು ಕೂರ್ತೀವೋ ಅದು ಕಂಪ್ಯೂಟರಿಗೆ ಗಲಾಟೆ! ಆದರೆ ನಮ್ಮತ್ತೆಯ ಕುಕ್ಕರ್ ಮೂರು ಸಲ ಕೂಗಿದ್ದು ಮಾತ್ರ ಸ್ಪಷ್ಟವಾಗಿ ಅಮೆರಿಕ ತಲುಪಿತ್ತು. "ಆಂಟಿ, ನಿಮ್ಮನೇಲಿ ಇವತ್ತು ಹುಳೀನಾ?" ಅಂತ ಒಬ್ಬಳು ಕೇಳಿದಳು. ಆಮೇಲೆ ಮಗ ಏನೋ ಸೆಟ್ಟಿಂಗ್ ಬದಲಾಯಿಸಿದ, ಈಗ ತಂಬೂರಿ ಹೋಗುತ್ತದೆ. ಕುಕ್ಕರೂ ಹೋಗುತ್ತದೆ.

ಇದೆಲ್ಲದರ ನಡುವೆ ನನಗೂ ಒಂದು ಆಸೆ ಇತ್ತು. ಮದುವೆಗೆ ಮುಂಚೆ ಸಂಗೀತದ ವಿದ್ವತ್ ಪರೀಕ್ಷೆಯಲ್ಲಿ ಪೂರ್ವ ಮುಗಿಸಿದ್ದೆ. ಅಂತಿಮ ಹಾಗೇ ಉಳಿದುಹೋಗಿತ್ತು. ಮಗ ಹುಟ್ಟಿದ, ಮಾವನವರಿಗೆ ಹುಷಾರಿಲ್ಲದಾಯಿತು, ಎರಡು ಮನೆ ಬದಲಾಯಿಸಿದೆವು (ಶ್ರುತಿಯ ಮನೆಯಲ್ಲ). ನಾನು ಸರಳೆ ವರಸೆ ಕಲಿಸಿದ ಹುಡುಗಿಯೇ ಅಂತಿಮಕ್ಕೆ ಕಟ್ಟಿ, "ಮಿಸ್, ಹಾಲ್‌ನಲ್ಲಿ ಸಿಗ್ತೀರಾ?" ಅಂತ ಕೇಳಿದಳು. ಅವಳು ಕೇಳಿದ್ದು ಆಶೀರ್ವಾದ ಮಾಡೋಕೆ ಬರ್ತೀರಾ ಅಂತ. ನಾನು ರೋಷಕ್ಕೆ ಅರ್ಜಿ ತಂದೆ. ವಯಸ್ಸು 46.

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸಾಧನೆ ಅಂತ ತೀರ್ಮಾನವಾಯಿತು. ಮೊದಲ ದಿನ ಮಂದ್ರದಲ್ಲಿ, ಅಂದರೆ ತಗ್ಗಿನ ಸ್ಥಾಯಿಯಲ್ಲಿ, "ಆ" ಅಂತ ಅಕಾರ ಹಿಡಿದೆ. ಓನರ್ ಟಾರ್ಚ್ ಹಿಡಿದು ಮೇಲೆ ಬಂದರು, ಹಸು ಏನಾದರೂ ಮೆಟ್ಟಿಲಿಗೆ ಸಿಕ್ಕಿಹಾಕಿಕೊಂಡಿದೆಯಾ ಅಂತ. ಎರಡನೇ ದಿನದಿಂದ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಅಕ್ಕಿ ಡಬ್ಬದ ಪಕ್ಕ ಮಣೆ ಹಾಕಿ ಕೂತೆ. ಶಾಸ್ತ್ರದ ಪುಸ್ತಕ ಫ್ರಿಜ್ಜಿನ ಮೇಲೆ. ಒಗ್ಗರಣೆ ಹಾಕ್ತಾ 72 ಮೇಳಕರ್ತ, ಅಂದರೆ ಉಳಿದ ರಾಗಗಳಿಗೆಲ್ಲ ತಾಯಿಯಾದ ರಾಗಗಳು.

ಈ ಮೇಳಗಳನ್ನು ನೆನಪಿಡೋಕೆ ಕಟಪಯಾದಿ ಅಂತ ಒಂದು ಉಪಾಯ ಇದೆ. ರಾಗದ ಹೆಸರಿನ ಮೊದಲ ಎರಡು ಅಕ್ಷರಕ್ಕೆ ಅಂಕಿ ಹಾಕಿ ತಿರುಗಿಸಿದರೆ ಮೇಳದ ಸಂಖ್ಯೆ. ಮಾಯಾಮಾಳವಗೌಳದ ಮಾ ಐದು, ಯಾ ಒಂದು, ತಿರುಗಿಸಿದರೆ 15. ಮೇಚಕಲ್ಯಾಣಿಯ ಮೇ ಐದು, ಚ ಆರು, ತಿರುಗಿಸಿದರೆ 65. ಇಷ್ಟು ಒಳ್ಳೆಯ ಉಪಾಯ ಪರೀಕ್ಷೆಗೆ ಮಾತ್ರ ಯಾಕೆ ಅಂತ ಎಟಿಎಂ ಪಿನ್ನನ್ನೂ ಎರಡು ರಾಗ ಸೇರಿಸಿ ಇಟ್ಟೆ. ತರಕಾರಿಗೆ ದುಡ್ಡು ತೆಗೆಯೋಕೆ ಹೋದಾಗ ರಾಗ ಎರಡೂ ನೆನಪಿತ್ತು, ತಿರುಗಿಸಿದ್ದೆನಾ ಇಲ್ಲವಾ ಅನ್ನೋದು ಮಾತ್ರ ನೆನಪಿರಲಿಲ್ಲ. ಮೊದಲು ನೇರವಾಗಿ ಒತ್ತಿದೆ. ಆಮೇಲೆ ಒಂದನ್ನು ತಿರುಗಿಸಿ. ಆಮೇಲೆ ಇನ್ನೊಂದನ್ನು ತಿರುಗಿಸಿ. ಕಾರ್ಡ್ ಲಾಕ್. ನಮ್ಮ ಮನೆಯವರು ಬ್ಯಾಂಕಿನಲ್ಲೇ ಕೆಲಸ ಮಾಡೋದು, ಅವರಿಗೆ ಇದನ್ನು ವಿವರಿಸೋ ಹೊತ್ತಿಗೆ ಮೇಳಕರ್ತದ ಪಾಠ ಪೂರ್ತಿ ಆಯಿತು. ಪಿನ್ ಈಗ ಬದಲಾಯಿಸಿದ್ದೇನೆ, ಸುಮ್ನೆ ಪ್ರಯತ್ನ ಪಡಬೇಡಿ.

ಅಷ್ಟರಲ್ಲಿ ತ್ಯಾಗರಾಜರ ಆರಾಧನೆ ಬಂತು. ಅವರು 1847ರಲ್ಲಿ ಪುಷ್ಯ ಬಹುಳ ಪಂಚಮಿಯಂದು ತೀರಿಕೊಂಡದ್ದು. ಅದಾಗಿ ಹತ್ತು ದಿನಕ್ಕೆ, ಪುಷ್ಯ ಅಮಾವಾಸ್ಯೆಗೆ, ಪುರಂದರದಾಸರ ಆರಾಧನೆ. ನಮ್ಮಂಥವರಿಗೆ ಇದು ಸುಗ್ಗಿ, ಗಂಟಲಿಗೆ ಮಾತ್ರ ಬರಗಾಲ. ದೊಡ್ಡ ಮಕ್ಕಳಿಗೆ ತ್ಯಾಗರಾಜರ ಐದು ರಾಗಗಳ ಪಂಚರತ್ನ ಕೃತಿ ಕಲಿಸ್ತಿದ್ದೆ. ನಾಟ ಆಯಿತು, ಗೌಳ ಆಯಿತು, ಆರಭಿ ಆಯಿತು. ನಾಲ್ಕನೆಯದು ವರಾಳಿ. ಇಲ್ಲಿ ಒಂದು ತೊಡಕಿದೆ. ಗುರು ಶಿಷ್ಯರ ಎದುರಿಗೆ ಕೂತು ವರಾಳಿ ಹೇಳಿಕೊಡಬಾರದು, ಕೊಟ್ಟರೆ ಇಬ್ಬರಿಗೂ ಮನಸ್ತಾಪ ಬರುತ್ತದೆ ಅಂತ ಹಿಂದಿನಿಂದ ಬಂದ ನಂಬಿಕೆ. ನನ್ನ ಗುರುಗಳೂ ನನಗೆ ಎದುರಿಗೆ ಕೂತು ಹೇಳಿಕೊಡಲಿಲ್ಲ, ಅವರು ಹಾಡಿಕೊಳ್ಳುವಾಗ ಕೇಳಿಸಿಕೊಂಡು ಕಲಿತೆ. ಇದನ್ನು ನಂಬ್ತೀಯಾ ಅಂತ ಮಗ ಕೇಳ್ತಾನೆ. ನಂಬಿಕೆ ಅನ್ನೋದಕ್ಕಿಂತ, ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಐದು ಮಕ್ಕಳನ್ನು ವರಾಳಿಯ ಒಂದು ಮಧ್ಯಮ ಸ್ವರಕ್ಕಾಗಿ ಯಾಕೆ ಕಳೆದುಕೊಳ್ಳಲಿ?

ಹಾಗಾಗಿ ಒಂದು ದಾರಿ ಹುಡುಕಿದೆ. ಮಕ್ಕಳನ್ನು ಹಾಲ್‌ನಲ್ಲಿ ಕೂರಿಸಿ, ನಾನು ಅಡುಗೆಮನೆಗೆ ಹೋಗಿ, ಬಾಗಿಲು ಅರ್ಧ ಮುಚ್ಚಿ ಹಾಡಿದೆ. ಎದುರಿಗೆ ಕೂತ ಹಾಗಾಗಲಿಲ್ಲ, ಅವರಿಗೆ ಕೇಳಿಸಿತು. ಒಂದೊಂದು ಸಾಲು ಹಾಡಿ ನಿಲ್ಲಿಸೋದು, ಅವರು ಹಾಲ್‌ನಿಂದ ಹೇಳೋದು. ನಾಲ್ಕು ದಿನ ಹೀಗೇ ನಡೆಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಐದನೇ ದಿನ ಹೊಳೆಯಿತು. ನಾಲ್ಕೂ ದಿನ ಅಡುಗೆಮನೆಯಲ್ಲಿ, ಸರಿಯಾಗಿ ನನ್ನ ಎದುರಿಗೆ, ಮಣೆ ಹಾಕಿಕೊಂಡು ಹುರುಳಿಕಾಯಿ ಸೋಸ್ತಾ ಕೂತಿದ್ದವರು ನಮ್ಮತ್ತೆ.

ಅಂದರೆ ಗುರುಮುಖೇನ, ಎದುರಾಎದುರು ಕೂತು, ವರಾಳಿ ಕಲಿತವರು ಇಡೀ ಮನೆಯಲ್ಲಿ ಅವರೊಬ್ಬರೇ. ಅವರು ಕಲಿತೂ ಬಿಟ್ಟಿದ್ದರು. ದೇವರ ಮನೆಯಲ್ಲಿ ಹೂ ಏರಿಸ್ತಾ ಗುನುಗೋದು ಕೇಳಿಸಿತು. ಮಧ್ಯಮ ನನಗಿಂತ ಚೆನ್ನಾಗಿ ಬೀಳ್ತಿತ್ತು, ಹೊಟ್ಟೆಯುರಿಯಿತು. ಸೊಸೆಯಾಗಿ ಬಂದ 22 ವರ್ಷದಲ್ಲಿ ಬಾರದ ಮನಸ್ತಾಪ ಈಗ ಬರುತ್ತಾ ಅಂತ ಕಾದೆ. ಮೂರನೇ ದಿನ ಅತ್ತೆ ಕಾಫಿ ಕೊಡ್ತಾ, "ಅಲ್ವೇ, ಆ ಮೂರನೇ ಸಾಲನ್ನ ನಿನ್ನೆ ಬೇರೆ ಥರ ಹಾಡಿದೆ, ಮೊನ್ನೆ ಬೇರೆ ಥರ ಹಾಡಿದೆ. ಯಾವುದು ಸರಿ?" ಅಂದರು. ಶಾಸ್ತ್ರ ಸುಳ್ಳಾಗಲ್ಲ.

ಪ್ರಾಯೋಗಿಕ ಪರೀಕ್ಷೆಯ ದಿನ ರಾಯರ ಮಠಕ್ಕೆ ಹೋಗಿ ಮಂತ್ರಾಕ್ಷತೆ ತಲೆಗೆ ಹಾಕಿಕೊಂಡು ಹೊರಟೆ. ಪಾಸಾದರೆ ಅಮಾಸೋಮವಾರ ಅಶ್ವತ್ಥಕ್ಕೆ 108 ಪ್ರದಕ್ಷಿಣೆ ಅಂತ ಹರಕೆಯೂ ಆಗಿತ್ತು. ಒಳಗೆ ಮೂವರು ಪರೀಕ್ಷಕರು. ಆಲಾಪನೆ ಚೆನ್ನಾಗಿಯೇ ಹೋಯಿತು. "ಒಂದು ವರ್ಣ ಶುರು ಮಾಡಿ ನೋಡೋಣ" ಅಂದರು, ನಡುವೆ ಕೂತಿದ್ದ ಹಿರಿಯರು. ಎಪ್ಪತ್ತರ ಹತ್ತಿರ ವಯಸ್ಸು, ಬೆಳ್ಳಗಿನ ಪಂಚೆ. ಮೊದಲ ಸಾಲು ಹಾಡಿದೆ. ನಿಲ್ಲಿಸಿದೆ.

ಯಾಕೆ ನಿಲ್ಲಿಸಿದೆ ಅಂತ ಕೇಳಬೇಡಿ. 21 ವರ್ಷದಿಂದ ಮೊದಲ ಸಾಲಾದ ಮೇಲೆ ನಿಲ್ಲಿಸಿಯೇ ಅಭ್ಯಾಸ. ಅಷ್ಟೇ ಆಗಿದ್ದರೆ ಸುಧಾರಿಸಿಕೊಳ್ಳಬಹುದಿತ್ತು. ನನ್ನ ಬಲಗೈ ತಾಳ ಬಿಟ್ಟು ಮೇಲೆದ್ದು ಅವರ ಕಡೆ ಹೋಯಿತು, ಅಂಗೈ ಮೇಲೆ ಮಾಡಿಕೊಂಡು, "ಹ್ಞೂಂ, ಹೇಳಿ" ಅನ್ನೋ ಹಾಗೆ.

ಆ ಹಿರಿಯರೂ ಪಾಠ ಕೇಳಿಸಿಕೊಂಡೇ ಬೆಳೆದವರಲ್ವಾ. ಏನೂ ಯೋಚನೆ ಮಾಡದೆ ಆ ಸಾಲನ್ನು ಹಾಡಿಬಿಟ್ಟರು.

ನಾನು ಅಂದೆ, "ಇನ್ನೊಂದು ಸಲ."

ಅವರು ಇನ್ನೊಂದು ಸಲವೂ ಹಾಡಿದರು. ಪಕ್ಕದ ಮೇಡಂ ಕೈಯಿಂದ ಪೆನ್ನು ಜಾರಿ ಬಿತ್ತು. ಆಗ ಮೂವರಿಗೂ, ನನಗೂ, ಒಟ್ಟಿಗೇ ಎಚ್ಚರವಾಯಿತು. "ಗಾಂಧಾರ ಸ್ವಲ್ಪ ನೋಡ್ಕೊಳ್ಳಿ" ಅನ್ನೋದು ತುಟಿವರೆಗೂ ಬಂದಿತ್ತು, ಅದನ್ನು ಅಲ್ಲೇ ತಡೆದವರು ರಾಯರೇ ಅಂತ ನಾನು ಇವತ್ತಿಗೂ ನಂಬಿದ್ದೇನೆ. ಹಿರಿಯರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಎಷ್ಟು ವರ್ಷ ಆಯ್ತಮ್ಮಾ ಪಾಠ ಹೇಳೋಕೆ ಶುರು ಮಾಡಿ?" ಅಂತ ಕೇಳಿದರು. ಹೇಳಿದೆ. ಬರೆದುಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ.

ಪಾಸಾದೆ. ನನ್ನ ಶಿಷ್ಯೆಗೆ ನನಗಿಂತ 11 ಅಂಕ ಜಾಸ್ತಿ. ಅವಳು ಸಿಹಿ ತಂದು ಕಾಲಿಗೆ ಬಿದ್ದಳು, ನಾನು ಪೂರ್ಣ ಮನಸ್ಸಿನಿಂದಲೇ ಆಶೀರ್ವಾದ ಮಾಡಿದೆ, ಬರ್ಫಿ ತಿಂದ ಮೇಲೆ.

ಅಮಾಸೋಮವಾರ ಬಂತು. ಪ್ರದಕ್ಷಿಣೆಯ ಲೆಕ್ಕ ತಪ್ಪದಿರಲಿ ಅಂತ ಹೆಂಗಸರು 108 ಕಡಲೆಬೀಜವನ್ನೋ ಅಡಿಕೆಯನ್ನೋ ಎಣಿಸಿ ತಂದು ಸುತ್ತಿಗೆ ಒಂದರಂತೆ ಕಟ್ಟೆಗೆ ಹಾಕ್ತಾರೆ. ಅತ್ತೆಗೆ ಮಂಡಿನೋವು. ಅವರು ಕಡಲೆಬೀಜದ ಬಟ್ಟಲು ಹಿಡಿದು ಕಟ್ಟೆಯ ಪಕ್ಕ ಕೂತರು, ನನ್ನ ಸುತ್ತುಗಳನ್ನು ಅವರು ಎಣಿಸೋದು ಅಂತ ಮಾತು. ನನಗೆ ಸುಮ್ಮನೆ ನಡೆಯೋಕೆ ಬರಲ್ಲ. ಕೈ ತೊಡೆಯ ಮೇಲೆ ಆದಿತಾಳ ಹಾಕೋಕೆ ಶುರು ಮಾಡಿತು. ಸುತ್ತಿಗೊಂದು ಅಕ್ಷರ, ಅಂದರೆ ತಾಳದ ಒಂದು ಎಣಿಕೆ. ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಎರಡು ಸಲ ಪೆಟ್ಟು ಹುಸಿ. ಎಂಟು ಸುತ್ತಿಗೆ ಒಂದು ಆವರ್ತ. ಇದಕ್ಕಿಂತ ಒಳ್ಳೆ ಲೆಕ್ಕ ಉಂಟಾ ಅಂದುಕೊಂಡೆ.

ಕಷ್ಟ ಬಂದಿದ್ದು ಕೊನೆಗೆ. 108ನ್ನು ಎಂಟರಿಂದ ಭಾಗಿಸಿದರೆ ಹದಿಮೂರೂವರೆ. ಅರ್ಧ ಆವರ್ತಕ್ಕೆ ತಾಳ ನಿಲ್ಲಿಸೋಕೆ ನನ್ನ ಕೈ ಒಪ್ಪಲ್ಲ, ಕೈ ಒಪ್ಪದೆ ಕಾಲು ನಿಲ್ಲಲ್ಲ. ರೂಪಕತಾಳ ಹಿಡಿದಿದ್ದರೆ ಆರರಂತೆ 18 ಆವರ್ತಕ್ಕೆ ಸರಿಯಾಗಿ ಮುಗೀತಿತ್ತು ಅನ್ನೋದು ಹೊಳೆದಿದ್ದು ಆಮೇಲೆ. ಅತ್ತೆ ಕೂತಲ್ಲಿಂದಲೇ ಕೈ ಎತ್ತಿ ಆಡಿಸಿದರು. ಅವರೂ ತಾಳ ಹಾಕ್ತಿದ್ದಾರೆ, ವರಾಳಿ ಗುನುಗ್ತಿರಬೇಕು ಅಂದುಕೊಂಡು ಇನ್ನೊಂದು ಸುತ್ತು ಹೋದೆ. ಹದಿನಾಲ್ಕನೇ ಆವರ್ತ ಮುಗಿಸಿ, ಸಮಕ್ಕೆ ಬಂದು, ಅವರ ಎದುರು ನಿಂತೆ.

"ಬೀಜ ಖಾಲಿಯಾಗಿ ನಾಲ್ಕು ಸುತ್ತಾಯ್ತು ಕಣೇ. ಎಷ್ಟು ಕೂಗಿದೆ!"

"ಈಗ ಏನ್ಮಾಡೋದು ಅತ್ತೆ, ಜಾಸ್ತಿ ಆದ್ರೆ ದೋಷ ಇದೆಯಾ?"

ಅತ್ತೆ ಸೆರಗಿನಲ್ಲಿ ಬಟ್ಟಲು ಒರೆಸಿ ಚೀಲಕ್ಕೆ ಹಾಕಿಕೊಂಡರು. "ದೋಷ ಏನೂ ಇಲ್ಲ. ಆ ನಾಲ್ಕನ್ನ ನಿನ್ನ ಗಂಡನ ಲೆಕ್ಕಕ್ಕೆ ಹಾಕು. ಹುಟ್ಟಿದಾಗಿನಿಂದ ಒಂದು ಸುತ್ತೂ ಹಾಕಿದವನಲ್ಲ."